ಏಪ್ರಿಲ್ ಸೆಕೇಲಿ ಒಬ್ರೇ ಸೈಕಲ್ಲಲ್ಲಿ ಆಗುಂಬೆ ಹತ್ಬಹುದಾ?

ಪ್ರಶ್ನೆ: ಸರ್, ನಾನು ಮಣಿಪಾಲದಲ್ಲಿ ಐಟಿ ಕೆಲಸದಲ್ಲಿದ್ದೀನಿ, ವಯಸ್ಸು 29. ಗೇರ್ ಇರೋ ಹೈಬ್ರಿಡ್ ಸೈಕಲ್ ಇದೆ, ವಾರಕ್ಕೆ ಎರಡ್ಮೂರು ಸಲ ಮಲ್ಪೆ ಬೀಚ್ ತನಕ ಹೋಗಿ ಬರ್ತೀನಿ. ಏಪ್ರಿಲ್ ಕೊನೇ ವಾರ ಎರಡು ದಿನ ರಜೆ ಇದೆ. ಹೆಬ್ರಿ ಮೇಲೆ ಆಗುಂಬೆ ಘಾಟಿ ಹತ್ತಿ ಶೃಂಗೇರೀಲಿ ಉಳ್ಕೊಂಡು, ಮಾರನೇ ದಿನ ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಗಡಿ), ಮಾಳ, ಕಾರ್ಕಳ ಮೇಲೆ ವಾಪಸ್ ಬರೋ ಆಸೆ. ಈ ಬಿಸಿಲಿಗೆ ಫ್ರೆಂಡ್ಸ್ ಯಾರೂ ಬರಲ್ಲ ಅಂದ್ರು, ಹಾಗಾಗಿ ಒಬ್ಬನೇ. ಅಮ್ಮ ನಿಂಗೆ ತಲೆ ಸರಿ ಇದ್ಯಾ ಅಂತಿದ್ದಾರೆ. ಘಾಟಿ ತುಂಬ ಕಾಡಿನ ನೆರಳಿದೆಯಲ್ಲ, ಅಷ್ಟೇನೂ ಕಷ್ಟ ಆಗ್ಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಇದು ಸರೀನಾ? ನೀರು ಎಷ್ಟು ಬೇಕು, ಪ್ರಾಣಿಗಳ ಭಯ ಇದ್ಯಾ, ಹೈಬ್ರಿಡ್‌ನಲ್ಲಿ ಆ ಘಾಟಿ ಹತ್ಬಹುದಾ?

ಉತ್ತರ: ಹೋಗ್ಬಹುದು. ದಾರಿ ಚೆನ್ನಾಗಿ ಆರಿಸ್ಕೊಂಡಿದ್ದೀರ, ಕರಾವಳಿ ಕಡೆಯಿಂದ ಎರಡು ದಿನಕ್ಕೆ ಇದಕ್ಕಿಂತ ಚಂದದ ಸುತ್ತು ನನಗೆ ಗೊತ್ತಿಲ್ಲ. ಆದ್ರೆ ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ, ಅದೇ ಆ ನೆರಳಿನ ಲೆಕ್ಕ. ಇಲ್ಲಿ ಸೈಕಲ್ ಓಡಿಸೋರಿಗೆ ಅಪಾಯ ಇರೋದು ತಲೆ ಮೇಲಿನ ಬಿಸಿಲಿಂದ ಅಲ್ಲ, ಸೆಕೆಯಿಂದ. ಮರದ ನೆರಳು ಬಿಸಿಲನ್ನ ತಡೆಯುತ್ತೆ, ಸೆಕೆಯನ್ನ ತಡೆಯಲ್ಲ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಉಳಿದ ಪ್ರಶ್ನೆಗಳಿಗೆ ನೀವೇ ಉತ್ತರ ಕೊಟ್ಕೋಬಹುದು.

ನೀವು 70 ಕೆಜಿ ಇದ್ದೀರಿ, ಸೈಕಲ್ಲು ಲಗೇಜು ಎಲ್ಲ ಸೇರಿ ಇನ್ನೊಂದು 15-16 ಕೆಜಿ ಅಂತ ಇಟ್ಕೊಳ್ಳಿ. ಆರು ಪರ್ಸೆಂಟ್ ಏರಿನಲ್ಲಿ, ಅಂದ್ರೆ ನೂರು ಮೀಟರ್ ಹೋದ್ರೆ ಆರು ಮೀಟರ್ ಮೇಲೇರೋ ರಸ್ತೇಲಿ, ಗಂಟೆಗೆ ಏಳೆಂಟು ಕಿಮೀ ವೇಗದಲ್ಲಿ ಹತ್ತೋಕೆ ಪೆಡಲ್ ಮೇಲೆ ಸುಮಾರು 120-130 ವಾಟ್ ಬೀಳ್ಬೇಕು. ನಮ್ಮ ಸ್ನಾಯುಗಳು ಖರ್ಚು ಮಾಡೋ ಶಕ್ತೀಲಿ ಹೆಚ್ಚಂದ್ರೆ ಕಾಲು ಪಾಲು ಪೆಡಲಿಗೆ ಹೋಗುತ್ತೆ, ಉಳಿದಿದ್ದೆಲ್ಲ ಶಾಖ ಆಗಿ ಮೈಯೊಳಗೇ ಇರುತ್ತೆ, ಅಂದ್ರೆ 400-450 ವಾಟ್, ಅರ್ಧ ಇಸ್ತ್ರಿಪೆಟ್ಟಿಗೆ ಹೊಟ್ಟೆಯೊಳಗೆ ಆನ್ ಆದ ಹಾಗೆ. ಇಷ್ಟು ಶಾಖ ಹೊರಗೆ ಹೋಗ್ಬೇಕಂದ್ರೆ ಗಂಟೆಗೆ ಮುಕ್ಕಾಲು ಲೀಟರ್ ಹತ್ರ ಬೆವರು ಆರ್ಬೇಕು. ಗಮನಿಸಿ, ಸುರಿಯೋದಲ್ಲ, ಆರ್ಬೇಕು. ಮೂಗಿನ ತುದಿಯಿಂದ ಟಪ ಟಪ ಅಂತ ಸೈಕಲ್ಲಿನ ಮೇಲಿನ ಅಡ್ಡ ಪೈಪ್ ಮೇಲೆ ಬೀಳೋ ಬೆವರು ಮೈಯನ್ನ ಒಂಚೂರೂ ತಂಪು ಮಾಡಲ್ಲ, ಬರೀ ನೀರು ಉಪ್ಪು ನಷ್ಟ.

ಮಲ್ಪೆಗೆ ಹೋಗಿ ಬರುವಾಗ ನಿಮಗೆ ಇದು ಗೊತ್ತಾಗಿರಲ್ಲ, ಯಾಕಂದ್ರೆ ಸಮತಟ್ಟಲ್ಲಿ ಗಂಟೆಗೆ 20-25 ಕಿಮೀ ವೇಗದಲ್ಲಿ ಹೋಗ್ತಿರ್ತೀರ, ಅಷ್ಟು ಗಾಳಿ ತಾನಾಗೇ ಮೈಗೆ ಬಡೀತಾ ಇರುತ್ತೆ. ಘಾಟೀಲಿ ವೇಗ ಏಳು ಕಿಮೀಗೆ ಇಳಿದ ಕೂಡ್ಲೆ ಆ ಗಾಳಿ ನಿಂತುಹೋಗುತ್ತೆ, ಆಚೆ ಈಚೆ ದಟ್ಟ ಕಾಡು ಇರೋದ್ರಿಂದ ಬೀಸೋ ಗಾಳಿನೂ ಒಳಗೆ ಬರಲ್ಲ, ಮರಗಳೇ ಬಿಡೋ ತೇವ ಬೇರೆ. ಏಪ್ರಿಲ್ ಕೊನೇಲಿ ಘಾಟಿ ಬುಡದಲ್ಲಿ ಮಧ್ಯಾಹ್ನ 34-35 ಡಿಗ್ರಿ ಇದ್ರೆ ಅದು ಚರ್ಮದ ಉಷ್ಣತೆಯಷ್ಟೇ ಆಯ್ತು, ಹಾಗಾಗಿ ಮೈಯಿಂದ ಗಾಳಿಗೆ ನೇರವಾಗಿ ಶಾಖ ಹೋಗೋ ದಾರಿ ಮುಚ್ಚಿತು, ಬೆವರೂ ಆರ್ತಿಲ್ಲ, ಶಾಖ ಎಲ್ಲಿಗೆ ಹೋಗ್ಬೇಕು? ಅದೇ ಬೆಳಿಗ್ಗೆ ಏಳು ಗಂಟೆಗೆ 25-26 ಡಿಗ್ರಿ ಇರುತ್ತೆ. ಆಗ ತೇವ ಇನ್ನೂ ಜಾಸ್ತಿನೇ ಇರುತ್ತೆ, ಆದ್ರೂ ಚರ್ಮಕ್ಕೂ ಗಾಳಿಗೂ ಎಂಟು ಒಂಬತ್ತು ಡಿಗ್ರಿ ವ್ಯತ್ಯಾಸ ಇರೋದ್ರಿಂದ ಮೈ ನಿಭಾಯಿಸ್ಕೊಳ್ಳುತ್ತೆ. ಅದೇ ರಸ್ತೆ, ಅದೇ ಸೈಕಲ್, ಅದೇ ಕಾಲು, ಏಳು ಗಂಟೆಗೂ ಹನ್ನೊಂದು ಗಂಟೆಗೂ ಎರಡು ಬೇರೆ ಬೇರೆ ಘಾಟಿ ಅಂತ್ಲೇ ತಿಳ್ಕೊಳ್ಳಿ.

ಹಾಗಾಗಿ ಮೊದಲನೇ ದಿನದ ಪ್ಲಾನ್ ಶುರುವಾಗೋದು ಮಣಿಪಾಲದಿಂದಲ್ಲ, ಆಗುಂಬೆ ತುದಿಯಿಂದ. ಒಂಬತ್ತು ಗಂಟೆಗೆ ಮೇಲೆ ಇರ್ಬೇಕು ಅಂತ ಇಟ್ಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಸೋಮೇಶ್ವರದಿಂದ ಆಗುಂಬೆ ಊರಿಗೆ ಹತ್ತು ಕಿಮೀ ಚಿಲ್ಲರೆ, ಏರು ಐನೂರು ಮೀಟರಿಗಿಂತ ಹೆಚ್ಚು, ನಿಂತು ನಿಂತು ಹೋದ್ರೂ ಒಂದೂಮುಕ್ಕಾಲು ಗಂಟೆ ಸಾಕು. ಅಂದ್ರೆ ಏಳೂಕಾಲಿಗೆ ಸೋಮೇಶ್ವರ ಬಿಡ್ಬೇಕು. ಹೆಬ್ರಿಯಿಂದ ಸೋಮೇಶ್ವರಕ್ಕೆ ಹನ್ನೆರಡು ಕಿಮೀ ಆಸುಪಾಸು, ಮಣಿಪಾಲದಿಂದ ಹೆಬ್ರಿಗೆ ಇಪ್ಪತ್ತೆಂಟು, ಮಧ್ಯೆ ಇಪ್ಪತ್ತು ನಿಮಿಷ ತಿಂಡಿಗೆ ಅಂತ ಸೇರಿಸಿದ್ರೆ ನಾಲ್ಕೂವರೆಗೆ ಮನೆ ಬಿಡ್ಬೇಕಾಗುತ್ತೆ. ಕತ್ತಲು ಇರುತ್ತೆ, ಏಪ್ರಿಲ್ ಕೊನೇಲಿ ಸೂರ್ಯ ಹುಟ್ಟೋದು ಆರು ದಾಟಿದ ಮೇಲೆ, ಆದ್ರಿಂದ ಮುಂದೆ ಒಳ್ಳೆ ಲೈಟು, ಹಿಂದೆ ಕೆಂಪು ಮಿಣುಕುದೀಪ, ಮೈಮೇಲೆ ರಿಫ್ಲೆಕ್ಟರ್ ಜಾಕೆಟ್ಟು ಇರ್ಲೇಬೇಕು, ಇದರಲ್ಲಿ ಮಾತಿಲ್ಲ. ಹೆಬ್ರೀಲಿ ಎರಡು ಇಡ್ಲಿನೋ ಬನ್ಸೋ ತಿನ್ನಿ, ಹೊಟ್ಟೆ ಬಿರಿಯೋಷ್ಟು ಬೇಡ, ಜೀರ್ಣಕ್ಕೆ ಹೋಗೋ ರಕ್ತ ಘಾಟೀಲಿ ಚರ್ಮಕ್ಕೆ ಬೇಕಾಗುತ್ತೆ.

ಏನೋ ಪಂಕ್ಚರ್ ಆಯ್ತು, ಲೇಟಾಯ್ತು, ಸೋಮೇಶ್ವರ ತಲುಪುವಾಗ್ಲೇ ಎಂಟೂವರೆ ದಾಟಿತು ಅಂತಾದ್ರೆ? ಹತ್ಬೇಡಿ. ಅಲ್ಲೇ ಕೂತು ಉಡುಪಿ ಕಡೆಯಿಂದ ಬರೋ ಮಿನಿ ಬಸ್ಸಿಗೆ ಕಾಯಿರಿ, ಮೇಲೆ ಕ್ಯಾರಿಯರ್ ಇದ್ರೆ ಕಂಡಕ್ಟರ್ ಹತ್ರ ಮಾತಾಡಿ ಸೈಕಲ್ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಹೋಗಿ. ಈ ನಿರ್ಧಾರವನ್ನ ಮನೇಲಿ ಕೂತಾಗ್ಲೇ ಮಾಡಿಟ್ಕೊಳ್ಳಿ, ರಸ್ತೆ ಮೇಲೆ ಮಾಡೋಕೆ ಹೋಗ್ಬೇಡಿ. ಇಷ್ಟು ದೂರ ಬಂದಾಯ್ತಲ್ಲ ಅನ್ನೋ ಮನಸ್ಸು ಇದ್ಯಲ್ಲ, ಅದು ಸೈಕಲ್ ಓಡಿಸೋರ ದೊಡ್ಡ ಶತ್ರು.

ಇನ್ನು ಘಾಟಿ. ಹದಿನಾಲ್ಕು ತಿರುವು, ನಂಬರ್ ಬೋರ್ಡ್ ನೋಡ್ಕೊಂಡು ಹತ್ಬಹುದು. ನಿಮ್ಮ ಹೈಬ್ರಿಡ್‌ನಲ್ಲಿ ಹತ್ಬಹುದಾ ಅಂದ್ರೆ ಹಲ್ಲು ಎಣಿಸಿ ನೋಡಿ. ಮುಂದಿನ ಅತಿ ಸಣ್ಣ ಚಕ್ರದಲ್ಲಿ 28 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 34 ಇದ್ರೆ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದ್ರೆ ಗಂಟೆಗೆ ಆರು ಕಿಮೀ ಚಿಲ್ಲರೆ ಹೋಗ್ತೀರ, ಘಾಟಿಗೆ ಅದು ಹೇಳಿ ಮಾಡಿಸಿದ ಗೇರು. ಮುಂದೆ 34 ಹಿಂದೆ 34 ಇದ್ರೆ ಏಳೂವರೆ ಕಿಮೀ, ಅದೂ ಆಗುತ್ತೆ. ಮುಂದೆ 38 ಹಿಂದೆ 28 ಅಂತೇನಾದ್ರೂ ಇದ್ರೆ ಅದೇ ಸುತ್ತಿಗೆ ಹತ್ತು ಕಿಮೀ ವೇಗ ಕೇಳುತ್ತೆ, ಆ ವೇಗ ಇಟ್ಕೊಳ್ಳೋಕೆ ಆಗ್ದೆ ನೀವು ಭಾರದ ಗೇರನ್ನ ನಿಧಾನಕ್ಕೆ ಒತ್ತಿ ಒತ್ತಿ ತುಳೀತೀರ, ಮಂಡಿಗೂ ಕೆಟ್ಟದು, ಶಾಖನೂ ಜಾಸ್ತಿ. ಅಂಥಾ ಸೈಕಲ್ಲಾದ್ರೆ ಹಿಂದಿನ ಹಲ್ಲುಚಕ್ರಗಳ ಗುಂಪನ್ನ, ಅಂದ್ರೆ ಫ್ರೀವೀಲ್ ಅಥವಾ ಕ್ಯಾಸೆಟ್ಟನ್ನ, ದೊಡ್ಡದಕ್ಕೆ ಬದಲಾಯಿಸಿ, ಚೈನನ್ನ ಸರಿಸಿ ಗೇರ್ ಬದಲಾಯಿಸೋ ಹಿಂದಿನ ಡಿರೇಲರ್ ಅಷ್ಟು ದೊಡ್ಡದನ್ನ ತಗೊಳ್ಳುತ್ತಾ ಅಂತ ಸೈಕಲ್ ಅಂಗಡೀಲಿ ಕೇಳ್ಕೊಂಡು. ದೊಡ್ಡ ಖರ್ಚಿನ ಕೆಲಸ ಅಲ್ಲ. ಇಳಿದು ತಳ್ಕೊಂಡು ಹೋಗೋದ್ರಲ್ಲೂ ತಪ್ಪೇನಿಲ್ಲ, ತಿರುವಲ್ಲಂತೂ ಎಷ್ಟೋ ಜನ ಹಾಗೇ ಮಾಡ್ತಾರೆ.

ತಿರುವಿನ ಬಗ್ಗೆ ಒಂದು ಮಾತು. ನಾವು ಎಡಗಡೆ ಹೋಗೋದ್ರಿಂದ ಎಡ ತಿರುವಲ್ಲಿ ಒಳಸುತ್ತು ನಮ್ಮ ಪಾಲಿಗೆ ಬರುತ್ತೆ, ಅಲ್ಲಿ ಏರು ಒಮ್ಮೆಗೇ ಗೋಡೆಯ ಹಾಗೆ ನಿಲ್ಲುತ್ತೆ. ತಿರುವು ಬರೋಕೆ ಮುಂಚೆನೇ ಸಣ್ಣ ಗೇರಿಗೆ ಬನ್ನಿ, ತಿರುವೊಳಗೆ ಚೈನ್ ಮೇಲೆ ಭಾರ ಇರುವಾಗ ಗೇರ್ ಬದಲಾಯಿಸಿದ್ರೆ ಚೈನ್ ಕಳಚೋದೂ ಉಂಟು, ತುಂಡಾಗೋದೂ ಉಂಟು. ಬಲ ತಿರುವಲ್ಲಿ ನಮಗೆ ಹೊರಸುತ್ತು, ಏರು ಮೆತ್ತಗಿರುತ್ತೆ, ಅಲ್ಲೇ ಉಸಿರು ಸುಧಾರಿಸ್ಕೊಳ್ಳಿ. ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು ಅನ್ನೋದು ನಿಯಮ, ಆದ್ರೆ ಸೈಕಲ್ಲನ್ನ ಗಾಡಿ ಅಂತ ಲೆಕ್ಕಕ್ಕೆ ಇಟ್ಕೊಳ್ಳೋ ಡ್ರೈವರ್‌ಗಳು ಕಮ್ಮಿ, ಹಾಗಾಗಿ ಮೇಲಿಂದ ಹಾರ್ನ್ ಕೇಳಿಸಿದ್ರೆ ಬದಿಗೆ ನಿಂತ್ಬಿಡಿ. ನಿಂತ್ರೆ ಮತ್ತೆ ಏರಲ್ಲಿ ಹೊರಡೋದು ಕಷ್ಟ ಅಂತ ಹಠ ಹಿಡಿಯೋದು ಬೇಡ.

ವೇಗ ನೋಡ್ಬೇಡಿ, ಹಾರ್ಟ್ ರೇಟ್ ವಾಚನ್ನೂ ನೆಚ್ಕೋಬೇಡಿ, ಸೆಕೇಲಿ ಅದೇ ಶ್ರಮಕ್ಕೆ ಹೃದಯ ಹೆಚ್ಚು ಹೊಡ್ಕೊಳ್ಳುತ್ತೆ. ಉಸಿರು ನೋಡಿ. ಒಂದು ಪೂರ್ತಿ ವಾಕ್ಯ ಬಾಯ್ಬಿಟ್ಟು ಹೇಳೋಕೆ ಆಗ್ತಿದ್ರೆ ಸರಿ, ಎರಡು ಶಬ್ದಕ್ಕೊಂದು ಸಲ ಉಸಿರು ಎಳ್ಕೋಬೇಕಾದ್ರೆ ಜಾಸ್ತಿ ಆಯ್ತು ಅಂತ. ಒಬ್ಬರೇ ಇರ್ತೀರಲ್ಲ, ಗಟ್ಟಿಯಾಗಿ ಮಾತಾಡ್ಕೊಂಡ್ರೂ ಕೇಳೋರಿಲ್ಲ.

ನೀರಿನ ವಿಷ್ಯ. ಎಷ್ಟು ಬೇಕು ಅಂತ ನಾನು ಒಂದು ನಂಬರ್ ಹೇಳಿದ್ರೆ ಅದು ನಿಮ್ಮ ಮೈಗೆ ಹೊಂದ್ಬೇಕಂತಿಲ್ಲ, ಬೆವರೋದು ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಾಗಿ ಅಳೆದು ನೋಡಿ. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಪರ್ಕಳದ ಏರನ್ನ ಒಂದು ಗಂಟೆ ಹತ್ತಿ ಇಳಿದು ಮಾಡಿ, ಹೋಗೋ ಮುಂಚೆ ಒಳಬಟ್ಟೇಲಿ ತೂಕ ನೋಡಿ, ಬಂದ್ಮೇಲೆ ಬೆವರು ಒರಸ್ಕೊಂಡು ಹಾಗೇ ನೋಡಿ. ಕಮ್ಮಿಯಾದ ಒಂದು ಕೆಜಿಗೆ ಒಂದು ಲೀಟರ್, ಮಧ್ಯೆ ಕುಡಿದಿದ್ದನ್ನೂ ಸೇರಿಸ್ಕೊಳ್ಳಿ. ಅದು ನಿಮ್ಮ ಗಂಟೆಯ ಬೆವರು. ಅದರಲ್ಲಿ ಮುಕ್ಕಾಲು ಪಾಲು ಕುಡಿದ್ರೆ ಸಾಕು, ಉಳಿದಿದ್ದು ಮೇಲೆ ಹೋದ್ಮೇಲೆ ತುಂಬಿಸ್ಕೊಂಡ್ರಾಯ್ತು. ಸೋಮೇಶ್ವರದಲ್ಲಿ ಮುಕ್ಕಾಲು ಮುಕ್ಕಾಲು ಲೀಟರಿನ ಎರಡು ಬಾಟಲ್ ತುಂಬಿಸಿ, ಇನ್ನೊಂದು ಲೀಟರ್ ಕ್ಯಾರಿಯರ್ ಬ್ಯಾಗಲ್ಲಿ ಇಟ್ಕೊಳ್ಳಿ, ಘಾಟಿಯೊಳಗೆ ಅಂಗಡಿ ಇಲ್ಲ, ಏಪ್ರಿಲಲ್ಲಿ ಝರಿಗಳೂ ಒಣಗಿರ್ತವೆ. ಆ ಮೂರನೇದು ಬರೀ ಕುಡಿಯೋಕಲ್ಲ, ತಲೆ ಕುತ್ತಿಗೆ ಮುಂಗೈ ಒದ್ದೆ ಮಾಡ್ಕೊಳ್ಳೋಕೆ. ಬೆವರಿನ ಬದಲು ಆ ನೀರು ಆರಿದ್ರೆ ಮೈಯ ನೀರು ಉಳೀತು. ಒಂದು ಬೈರಾಸು (ಟವೆಲ್) ನೆನೆಸಿ ಕುತ್ತಿಗೆಗೆ ಸುತ್ಕೊಂಡ್ರೆ ಎಷ್ಟು ಹಾಯ್ ಅನ್ಸುತ್ತೆ ಅಂತ ಹಾಕ್ಕೊಂಡೋರಿಗೇ ಗೊತ್ತು.

ಉಪ್ಪು ಮರೀಬೇಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದು ರಕ್ತದಲ್ಲಿ ಸೋಡಿಯಂ ಇಳಿದು ಆಸ್ಪತ್ರೆ ಸೇರೋರೂ ಇದ್ದಾರೆ, ತಲೆನೋವು ವಾಂತಿ ಗೊಂದಲ ಅಂತ ಸೆಕೆಯ ಲಕ್ಷಣದ ಥರಾನೇ ಕಾಣ್ಸುತ್ತೆ, ಇನ್ನೂ ನೀರು ಕುಡಿಸಿ ಕೆಡಿಸ್ತಾರೆ. ಟೀ ಶರ್ಟ್ ಒಣಗಿದ್ಮೇಲೆ ಬಿಳಿ ಗೆರೆ ಮೂಡ್ತಿದ್ರೆ ನಿಮ್ಮ ಬೆವರಲ್ಲಿ ಉಪ್ಪು ಜಾಸ್ತಿ ಅಂತ ಅರ್ಥ. ಮೆಡಿಕಲ್ ಶಾಪಲ್ಲಿ ಸಿಗೋ ಓಆರ್‌ಎಸ್, ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಅಂತ ಬರೆದಿರೋದನ್ನೇ ನೋಡಿ ತಗೊಳ್ಳಿ, ಅದರಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತೆ. ಹೇಳಿದಷ್ಟೇ ನೀರಿಗೆ ಕಲಸಿ, ದಪ್ಪ ಮಾಡ್ಬೇಡಿ. ಒಂದು ಬಾಟಲಲ್ಲಿ ಅದು, ಇನ್ನೊಂದರಲ್ಲಿ ಬರೀ ನೀರು. ಬೊಂಡ, ಅಂದ್ರೆ ಎಳನೀರು ಕುಡೀರಿ, ಒಳ್ಳೇದೇ, ಆದ್ರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಬೆವರಲ್ಲಿ ಹೋಗೋದು ಸೋಡಿಯಂ, ಹಾಗಾಗಿ ಬೊಂಡ ಒಂದನ್ನೇ ನಂಬೋ ಹಾಗಿಲ್ಲ. ನನ್ನ ಕೇಳಿದ್ರೆ ಉಪ್ಪು ಹಾಕಿದ ಮಜ್ಜಿಗೆ, ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿ ಇವೆರಡಕ್ಕೆ ಸಮ ಯಾವ ಪೌಡರೂ ಇಲ್ಲ, ನಮ್ಮ ಕಡೆ ಗದ್ದೆ ಕೆಲಸ ಮಾಡೋರು ಇದೇ ಸೆಕೇಲಿ ಇದನ್ನೇ ಉಂಡು ದುಡಿದಿದ್ದಾರೆ.

ಈಗ ಒಬ್ಬರೇ ಹೋಗೋದರ ವಿಷ್ಯಕ್ಕೆ ಬರ್ತೀನಿ. ಸೆಕೆ ಹೊಡೆದಾಗ ಮೊದಲು ಮಂಕಾಗೋದು ತಲೆ. ಜೊತೇಲಿ ಯಾರಾದ್ರೂ ಇದ್ರೆ ಯಾಕೋ ಮಾತು ತೊದಲ್ತಿದ್ಯಲ್ಲ ಮಾರಾಯ, ಕೂತ್ಕೋ ಅಂತಾರೆ. ಒಬ್ಬರೇ ಇದ್ದಾಗ ಹೇಳೋರಿಲ್ಲ, ಕೆಡ್ತಾ ಇರೋ ತಲೆಗೇ ತಾನು ಕೆಡ್ತಿದ್ದೀನಿ ಅಂತ ಗೊತ್ತಾಗ್ಬೇಕು, ಅದು ಆಗೋ ಮಾತಲ್ಲ. ಒಬ್ಬರೇ ಹೋಗೋದ್ರಲ್ಲಿರೋ ನಿಜವಾದ ಅಪಾಯ ಇದು, ಹುಲಿ ಚಿರತೆ ಅಲ್ಲ. ಅದಕ್ಕೇ ನಿಯಮಗಳನ್ನ ಮೊದಲೇ ಬರೆದು ಹ್ಯಾಂಡಲ್‌ಬಾರಿಗೆ ಅಂಟಿಸ್ಕೊಳ್ಳಿ ಅಂತೀನಿ: ಅರ್ಧ ಗಂಟೆಗೊಂದು ಸಲ ಅಲಾರಂ ಹೊಡೆದಾಗ, ಬೇಕು ಅನ್ಸಿದ್ರೂ ಅನ್ಸದಿದ್ರೂ, ನೆರಳಲ್ಲಿ ಐದು ನಿಮಿಷ ಇಳಿದು ನಿಲ್ಲೋದು. ತಲೆನೋವು, ಹೊಟ್ಟೆ ತೊಳಸೋದು, ಸೆಕೇಲೂ ರೋಮ ನಿಮಿರಿ ಚಳಿ ಆದ ಹಾಗಾಗೋದು, ಕಾಲಲ್ಲಿ ನರ ಎಳೆಯೋದು, ಇವುಗಳಲ್ಲಿ ಯಾವುದಾದ್ರೂ ಎರಡು ಬಂದ್ರೆ ಇವತ್ತಿನ ಹತ್ತೋದು ಮುಗೀತು.

ಮುಗೀತು ಅಂದ್ರೆ ಏನ್ಮಾಡ್ಬೇಕು? ನೆರಳಲ್ಲಿ ಹೆಲ್ಮೆಟ್ ಶೂ ತೆಗೆದು ಕೂತು ನೀರು ಸುರ್ಕೊಂಡು ಓಆರ್‌ಎಸ್ ಸಿಪ್ ಸಿಪ್ ಆಗಿ ಕುಡೀರಿ. ಇಪ್ಪತ್ತು ನಿಮಿಷದಲ್ಲಿ ತಲೆ ತಿಳಿಯಾದ್ರೆ ಕೆಳಗೆ ಇಳಿರಿ, ಮೇಲಕ್ಕಲ್ಲ. ಇಳಿಯುವಾಗ ತುಳಿಯೋ ಶ್ರಮ ಇಲ್ಲ, ಮೈಗೆ ಗಾಳಿ ಬೀಳುತ್ತೆ, ಜನ ಇರೋ ಕಡೆಗೂ ಹತ್ರ ಆಗ್ತೀರ. ಆದ್ರೆ ತಲೆ ಸುತ್ತು ಉಳಿದಿದ್ರೆ ಇಳಿಜಾರಲ್ಲಿ ಸೈಕಲ್ ಹತ್ಲೇಬೇಡಿ, ಬರೋ ಗಾಡಿಗೆ ಕೈ ತೋರ್ಸಿ. ಅದು ಹಗಲು ಹೊತ್ತಲ್ಲಿ ಗಾಡಿ ಓಡಾಡೋ ರಾಷ್ಟ್ರೀಯ ಹೆದ್ದಾರಿ, 169ಎ, ಜನ ನಿಲ್ಲಿಸ್ತಾರೆ. ಮೈ 40 ಡಿಗ್ರಿ ದಾಟಿ ಮಾತು ತಪ್ಪೋ ಹಂತಕ್ಕೆ ಹೋದ್ರೆ ಅದು ಪ್ರಾಣಕ್ಕೆ ಬರೋ ವಿಷ್ಯ, ಮೊದಲು ಮೈಗೆ ನೀರು ಸುರಿದು ಗಾಳಿ ಬೀಸ್ಬೇಕು, ಆಮೇಲೆ 108. ಪ್ಯಾರಾಸಿಟಮಾಲ್ ಈ ಶಾಖ ಇಳಿಸಲ್ಲ, ಇದು ಆ ಥರದ ಜ್ವರ ಅಲ್ಲ. ಮೈಕೈ ನೋವು ಅಂತ ಐಬುಪ್ರೊಫೇನ್ ಥರದ್ದನ್ನೂ ನುಂಗ್ಬೇಡಿ, ನೀರು ಕಮ್ಮಿಯಾದ ಮೈಯಲ್ಲಿ ಅದು ಕಿಡ್ನಿಗೆ ಹೊಡೆಯುತ್ತೆ.

ನೀವು ಹಗಲೆಲ್ಲ ಎಸಿ ಆಫೀಸಲ್ಲಿ ಇರ್ತೀರ ಅನ್ನೋದು ನನಗೆ ನಿಮ್ಮ ಸೈಕಲ್‌ಗಿಂತ ದೊಡ್ಡ ಚಿಂತೆ. ಮಣಿಪಾಲದಲ್ಲಿದ್ರೂ ನಿಮ್ಮ ಮೈಗೆ ಸೆಕೆಯ ರೂಢಿ ಇಲ್ಲ. ಹೊರಡೋ ಮುಂಚೆ ಎರಡು ವಾರ, ದಿನ ಬಿಟ್ಟು ದಿನ ಆದ್ರೂ, ಸಂಜೆ ನಾಲ್ಕೂವರೆಯಿಂದ ಒಂದು ಗಂಟೆ ಮೆಲ್ಲಗೆ ಓಡ್ಸಿ. ಹತ್ತರಿಂದ ಹದಿನಾಲ್ಕು ದಿನದಲ್ಲಿ ರಕ್ತದ ನೀರಿನ ಅಂಶ ಹೆಚ್ಚುತ್ತೆ, ಬೆವರು ಬೇಗ ಶುರುವಾಗುತ್ತೆ, ಬೆವರಲ್ಲಿ ಉಪ್ಪು ಹೋಗೋದು ಕಮ್ಮಿ ಆಗುತ್ತೆ. ದುಡ್ಡು ಕೊಟ್ಟು ತಗೊಳ್ಳೋ ಯಾವ ಸಾಮಾನೂ ಇಷ್ಟು ಉಪಕಾರ ಮಾಡಲ್ಲ.

ಪ್ರಾಣಿಗಳು. ಬಂಡೀಪುರ ನಾಗರಹೊಳೆ ಕಡೆಯ ದಾರಿ ಕೇಳಿದ್ರೆ ಸೈಕಲ್ಲಲ್ಲಿ ಬೇಡ್ವೇ ಬೇಡ ಅಂತಿದ್ದೆ, ಆನೆ ಮುಂದೆ ಸೈಕಲ್ಲಿನ ಆಟ ನಡೆಯಲ್ಲ. ಆಗುಂಬೆ ಘಾಟೀಲಿ ನಿಮಗೆ ಸಿಗೋದು ಮಂಗಗಳು, ಜನ ಗಾಡಿ ನಿಲ್ಲಿಸಿ ತಿನ್ನಿಸಿ ತಿನ್ನಿಸಿ ಅವಕ್ಕೆ ಹೆದರಿಕೆ ಹೋಗಿದೆ, ಬಾಳೆಹಣ್ಣು ಹೊರಗೆ ಕಾಣೋ ಹಾಗೆ ಕಟ್ಕೊಂಡು ಹೋಗ್ಬೇಡಿ. ಅದೃಷ್ಟ ಇದ್ರೆ ಸಿಂಗಳೀಕ ಮೇಲೆ ಮರದಲ್ಲಿ ಕಾಣುತ್ತೆ. ಕಾಟಿ (ಕಾಡುಕೋಣ) ಕಂಡ್ರೆ ದೂರದಲ್ಲೇ ನಿಂತು ಅದು ದಾಟೋ ತನಕ ಕಾಯೋದು, ಬೆಲ್ ಹೊಡೆಯೋದು ಕೂಗೋದು ಬೇಡ. ಮಾರ್ಚ್‌ನಿಂದ ಮೇ ತನಕ ಕಾಳಿಂಗ ಸರ್ಪಗಳು ಜೊತೆ ಹುಡುಕಿ ಓಡಾಡೋ ಕಾಲ, ಆಗುಂಬೆ ಅವುಗಳದೇ ಊರು, 2005ರಿಂದ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರನೂ ಇದೆ. ಪಶ್ಚಿಮ ಘಟ್ಟದ ಈ ಹಾವು ಬೇರೇನೇ ಪ್ರಭೇದ ಅಂತ 2024ರಲ್ಲಿ ವಿಜ್ಞಾನಿಗಳು ಗುರುತಿಸಿ ಓಫಿಯೋಫೇಗಸ್ ಕಾಳಿಂಗ ಅಂತ ನಮ್ಮ ಹೆಸರನ್ನೇ ಇಟ್ರು, ಓದಿದಾಗ ತುಂಬಾ ಖುಷಿ ಆಗಿತ್ತು. ರಸ್ತೆ ದಾಟ್ತಾ ಕಂಡ್ರೆ ಹತ್ತು ಹದಿನೈದು ಮೀಟರ್ ದೂರ ನಿಂತ್ರೆ ಸಾಕು, ಅದು ತನ್ನ ಪಾಡಿಗೆ ಹೋಗುತ್ತೆ. ಮೊಬೈಲ್ ಹಿಡ್ಕೊಂಡು ಹತ್ರ ಹೋಗೋದು ಮಾತ್ರ ಬೇಡ.

ನಾನು ನಿಜವಾಗಿ ಹೆದರೋದು ಇವು ಯಾವುದಕ್ಕೂ ಅಲ್ಲ, ಸಾಸಿವೆಗಿಂತ ಚಿಕ್ಕ ಉಣುಗಿಗೆ. ಅದು ಕಚ್ಚೋದ್ರಿಂದ ಬರೋ ಮಂಗನ ಕಾಯಿಲೆ ಹೆಸರು ಕೇಳಿರ್ತೀರ, ಕೆಎಫ್‌ಡಿ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು. ಡಿಸೆಂಬರ್‌ನಿಂದ ಮೇ ತನಕ ಅದರ ಸೀಸನ್, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಎಲ್ಲ ಇರುತ್ತೆ. ಅಂದ್ರೆ ನೀವು ಹೋಗೋ ಕಾಲ, ಹೋಗೋ ಜಾಗ ಎರಡೂ ಅದರದ್ದೇ. ಟಾರ್ ರಸ್ತೆ ಮೇಲೆ ಸೈಕಲ್ ಓಡಿಸ್ಕೊಂಡು ಹೋಗೋರಿಗೆ ಭಯ ಇಲ್ಲ, ಭಯ ಇರೋದು ಸುಸ್ತಾಯ್ತು ಅಂತ ರಸ್ತೆ ಬದಿ ತರಗೆಲೆ ಮೇಲೆ ಬೆನ್ನು ಚಾಚಿ ಮಲಗಿದಾಗ, ಮೂತ್ರಕ್ಕೆ ಅಂತ ಪೊದೆಯೊಳಗೆ ನುಗ್ಗಿದಾಗ. ಕೂರೋದಾದ್ರೆ ತಡೆಗೋಡೆ ಮೇಲೆ, ಮೋರಿ ಕಟ್ಟೆ ಮೇಲೆ, ಬಸ್‌ಸ್ಟ್ಯಾಂಡಲ್ಲಿ ಕೂರಿ. ಉಣುಗು ಹತ್ತದ ಹಾಗೆ ಕಾಲಿಗೆ ಡೆಪಾ ಎಣ್ಣೆ ಹಚ್ಕೊಳ್ಳಿ, ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಕಾಡಿಗೆ ಹೋಗೋರಿಗೆ ಕೊಡ್ತಾರೆ, ಕೇಳಿ ನೋಡಿ. ಶೃಂಗೇರಿ ತಲುಪಿದ ಕೂಡ್ಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಸೊಂಟ, ತೊಡೆಸಂದು, ಮಂಡಿ ಹಿಂಭಾಗ, ಕಂಕುಳು ಬೆರಳಾಡಿಸಿ ನೋಡ್ಕೊಳ್ಳಿ, ಬಟ್ಟೆ ಬಿಸಿನೀರಲ್ಲಿ ನೆನೆಸಿ. ದಾರೀಲಿ ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಮುಂದಿನ ಊರಲ್ಲಿ ಆರೋಗ್ಯ ಇಲಾಖೆಯೋರಿಗೋ ಆಶಾ ಕಾರ್ಯಕರ್ತೆಗೋ ಜಾಗ ಹೇಳಿ, ಅದರಿಂದ ಆ ಊರಿನೋರಿಗೆ ನಿಜಕ್ಕೂ ಉಪಕಾರ ಆಗುತ್ತೆ.

ಆಗುಂಬೇಲಿ ಒಂಬತ್ತಕ್ಕೆ ಹೊಟ್ಟೆ ತುಂಬ ತಿಂಡಿ ತಿಂದು ಒಂಬತ್ತೂವರೆಗೆ ಹೊರಡಿ. ಶೃಂಗೇರಿ ಮೂವತ್ತು ಕಿಮೀ ಒಳಗೇ, ಏರು ತಗ್ಗು ಇದ್ರೂ ಘಟ್ಟದ ಮೇಲಿನ ಗಾಳಿ ಕೆಳಗಿನಷ್ಟು ಒದ್ದೆ ಇಲ್ಲ, ಹನ್ನೆರಡರೊಳಗೆ ಸೇರ್ತೀರ. ಮಧ್ಯಾಹ್ನದ ಮೇಲೆ ಏನೂ ಇಟ್ಕೋಬೇಡಿ. ಶಾರದಾಂಬೆ ದರ್ಶನ, ಮಠದ ಊಟ, ತುಂಗೆ ದಂಡೇಲಿ ಮೀನು ನೋಡ್ಕೊಂಡು ಕೂರೋದು, ನಿದ್ದೆ. ಇನ್ನೊಂದು ಕಾರಣ ಉಂಟು, ನೀವು ಹೋಗೋ ಹೊತ್ತಿಗೆ ಅಶ್ವಿನಿ ಮಳೆ ಮುಗಿದು ಭರಣಿ ಮಳೆ ಹುಟ್ಟೋ ಸಮಯ, ಮಧ್ಯಾಹ್ನ ಎರಡು ಮೂರರ ಮೇಲೆ ಗುಡುಗು ಸಿಡಿಲು ಎದ್ರೆ ಅರ್ಧ ಗಂಟೇಲಿ ಆಕಾಶ ಕಪ್ಪಾಗುತ್ತೆ. ರಸ್ತೇಲಿದ್ದಾಗ ಗುಡುಗು ಕೇಳಿಸಿದ್ರೆ ಒಂಟಿ ಮರದಡಿ ನಿಲ್ಬೇಡಿ, ಯಾವುದಾದ್ರೂ ಮನೆ ಜಗಲಿಗೆ ಹೋಗಿ, ಮಲೆನಾಡಲ್ಲಿ ಮಳೆಗೆ ನಿಂತೋರನ್ನ ಯಾರೂ ಕಳಿಸಲ್ಲ, ಕಾಫಿ ಕೊಟ್ಟೇ ಕಳ್ಸೋದು. ತಿಂಗಳುಗಟ್ಟಲೆ ಒಣಗಿದ ರಸ್ತೆ ಮೇಲೆ ಮೊದಲ ಮಳೆ ಬಿದ್ದಾಗ ಎಣ್ಣೆ, ಧೂಳು, ತರಗೆಲೆ ಸೇರಿ ಸಾಬೂನಿಗಿಂತ ಜಾರುತ್ತೆ, ಹಾಗಾಗಿ ರಾತ್ರಿ ಮಳೆ ಬಂದಿದ್ರೆ ಎರಡನೇ ದಿನದ ಇಳಿಜಾರಲ್ಲಿ ತುಂಬಾ ಹುಷಾರು.

ಎರಡನೇ ದಿನ ಶೃಂಗೇರಿಯಿಂದ ಕಾರ್ಕಳಕ್ಕೆ ಅರವತ್ತೈದು ಕಿಮೀ ಆಸುಪಾಸು. ನೆಮ್ಮಾರು ದಾಟಿ ಕೆರೆಕಟ್ಟೆ ಕಡೆ ಹೋಗುವಾಗ ರಸ್ತೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತೆ, 1987ರಲ್ಲಿ ಘೋಷಣೆ ಆದ ಉದ್ಯಾನ, ತನಿಕೋಡಲ್ಲಿ ಅರಣ್ಯ ಇಲಾಖೆ ಚೆಕ್‌ಪೋಸ್ಟ್ ಇದೆ. ಹಿಂದಿನ ದಿನವೇ ಶೃಂಗೇರೀಲಿ ಅರಣ್ಯ ಇಲಾಖೆಯೋರ ಹತ್ರ ಎರಡು ವಿಷ್ಯ ಕೇಳಿ: ಸೈಕಲ್ಲನ್ನ ಬಿಡ್ತಾರಾ, ಆ ಕಡೆ ಆನೆ ಇದ್ಯಾ ಅಂತ. ಕೆರೆಕಟ್ಟೆ ಸುತ್ತಮುತ್ತ ಆನೆ ಓಡಾಟ ಇರುತ್ತೆ. ಇದೆ ಅಂದ್ರೆ ವಾದ ಮಾಡ್ದೆ ಬಂದ ದಾರೀಲೇ ಆಗುಂಬೆ ಇಳಿದು ಬನ್ನಿ, ಅದೂ ಚಂದದ ದಾರಿನೇ. ಬಿಟ್ರೆ ಬೆಳಕಾದ ಮೇಲೆ ಆರೂವರೆಗೆ ಹೊರಡಿ, ಮೊದಲ ದಿನದ ಹಾಗೆ ಕತ್ತಲಲ್ಲಿ ಬೇಡ, ಇದು ಪೂರ್ತಿ ಕಾಡು. ಉದ್ಯಾನದೊಳಗೆ ನಿಲ್ಲೋದು, ತಿನ್ನೋದು, ಕಸ ಹಾಕೋದು ಯಾವುದೂ ಇಲ್ಲ, ಆದ್ರಿಂದ ಗೇಟಿಗೆ ಮುಂಚೆನೇ ಬಾಟಲ್ ತುಂಬಿಸಿ ಹೊಟ್ಟೆ ತುಂಬಿಸಿ.

ಎಸ್.ಕೆ. ಬಾರ್ಡರ್ ದಾಟಿದ್ಮೇಲೆ ಮಾಳ ತನಕ ಇಳಿಜಾರು. ಬ್ರೇಕನ್ನ ಮೇಲಿಂದ ಕೆಳಗಿನ ತನಕ ಹಿಡ್ಕೊಂಡೇ ಬಂದ್ರೆ ರಿಮ್ ಬ್ರೇಕ್ ಸೈಕಲ್ಲಲ್ಲಿ ರಿಮ್ ಕಾದು ಟ್ಯೂಬ್ ಸಿಡಿಯೋದುಂಟು. ನೇರ ರಸ್ತೇಲಿ ಬಿಡೋದು, ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸೋದು, ತಿರುವೊಳಗೆ ಮತ್ತೆ ಬಿಡೋದು, ಮಧ್ಯೆ ಒಂದೆರಡು ಕಡೆ ಜಾಗ ನೋಡಿ ನಿಲ್ಲಿಸಿ ರಿಮ್ ಆರೋಕೆ ಬಿಡೋದು. ಹೊರಡೋ ಮುಂಚೆ ಬ್ರೇಕ್ ಪ್ಯಾಡು ಹೊಸದು ಹಾಕಿಸಿ.

ಮಾಳ ತಲುಪುವಾಗ ಹತ್ತು ಗಂಟೆ ಆಗಿರುತ್ತೆ, ಆಗ ಒಂದು ಅನುಭವ ಆಗುತ್ತೆ, ಮೇಲಿನ ತಂಪಿಂದ ಇಳಿದ ಅರ್ಧ ಗಂಟೇಲಿ ಕರಾವಳಿ ಸೆಕೆ ಮುಖಕ್ಕೆ ಹೊಡೆಯುತ್ತೆ. ಇಳಿಜಾರಲ್ಲಿ ಬಾಯಾರಿಕೆ ಗೊತ್ತಾಗದೆ ನೀರು ಕುಡಿದಿರಲ್ಲ, ಎರಡು ದಿನದ ದಣಿವು ಬೇರೆ, ಇನ್ನೇನು ಮನೆ ಬಂತು ಅಂತ ಜೋರಾಗಿ ತುಳೀತೀರ. ಇಡೀ ಸುತ್ತಲ್ಲಿ ಜನ ಸೋಲೋದು ಘಾಟೀಲಲ್ಲ, ಇಲ್ಲಿ. ಬಜಗೋಳಿ ಮೇಲೆ ಮೆಲ್ಲಗೆ ಕಾರ್ಕಳ ಸೇರಿ, ಊಟ ಮಾಡಿ, ಪುನರ್ಪುಳಿ ಜ್ಯೂಸ್ ಕುಡಿದು ಎಲ್ಲಾದ್ರೂ ಫ್ಯಾನ್ ಕೆಳಗೆ ಕೂತ್ಬಿಡಿ. 1432ರಲ್ಲಿ ನಿಲ್ಲಿಸಿದ ಗೊಮ್ಮಟನ್ನ ನೋಡೋಕೆ ಹೋಗೋದಾದ್ರೂ ಸಂಜೆ ಹೊತ್ತಿಗೆ ಹೋಗಿ, ನಡುಮಧ್ಯಾಹ್ನ ಆ ಬಂಡೆ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ನಾಲ್ಕೂವರೆ ಮೇಲೆ ಬೈಲೂರು ಹಿರಿಯಡ್ಕ ದಾರೀಲಿ ಹೊರಟ್ರೆ ಕತ್ತಲಾಗೋ ಹೊತ್ತಿಗೆ ಮಣಿಪಾಲ.

ಅಮ್ಮನ ವಿಷ್ಯ. ಅವರ ಭಯ ಸುಮ್ಮನೆ ಅಲ್ಲ, ಆದ್ರೆ ಅದಕ್ಕೆ ಔಷಧಿ ಉಂಟು. ಒಂದು ಕಾಗದದಲ್ಲಿ ಹೆಬ್ರಿ ಆರೂಕಾಲು, ಸೋಮೇಶ್ವರ ಏಳೂಕಾಲು, ಆಗುಂಬೆ ಒಂಬತ್ತು, ಶೃಂಗೇರಿ ಹನ್ನೆರಡು ಅಂತ ಬರೆದು ಕೊಡಿ, ಪ್ರತಿ ಕಡೆಯಿಂದ ಫೋನ್ ಮಾಡಿ. ಘಾಟಿಯೊಳಗೆ, ಕೆರೆಕಟ್ಟೆಯಿಂದ ಮಾಳದ ತನಕ ನೆಟ್‌ವರ್ಕ್ ನಂಬೋ ಹಾಗಿಲ್ಲ, ಅದನ್ನೂ ಮೊದಲೇ ಹೇಳಿಡಿ, ಇಲ್ಲಾಂದ್ರೆ ಸ್ವಿಚ್ಡ್ ಆಫ್ ಬಂದ ಕೂಡ್ಲೆ ಗಾಬರಿ ಬೀಳ್ತಾರೆ. ಹತ್ತೂವರೆ ಆದ್ರೂ ಆಗುಂಬೆಯಿಂದ ಫೋನ್ ಬರ್ಲಿಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ, ಮಗ ಸೋಮೇಶ್ವರ ಆಗುಂಬೆ ಮಧ್ಯೆ ಸೈಕಲ್ಲಲ್ಲಿ ಇದ್ದಾನೆ ಅಂತ ಹೇಳಿ ಅಂತ ಅದೇ ಕಾಗದದಲ್ಲಿ ಬರೆಯಿರಿ. ಏನು ಮಾಡ್ಬೇಕು ಅಂತ ಗೊತ್ತಿರೋರಿಗೆ ಭಯ ಅರ್ಧ ಇಳಿಯುತ್ತೆ.

ಬೆನ್ನಿಗೆ ಬ್ಯಾಗ್ ಬೇಡ, ಬೆನ್ನೇ ಬೆವರಾರೋ ದೊಡ್ಡ ಜಾಗ, ಅದನ್ನ ಮುಚ್ಚಬೇಡಿ, ಲಗೇಜನ್ನ ಕ್ಯಾರಿಯರಿಗೆ ಕಟ್ಟಿ. ಎರಡು ಟ್ಯೂಬು, ಪ್ಯಾಚು, ಪಂಪು, ಚೈನ್ ಲಿಂಕು, ಅಲೆನ್ ಕೀ, ತೊಡೆಗೆ ಹಚ್ಚೋಕೆ ಕೊಬ್ಬರಿ ಎಣ್ಣೆ, ಒಂದು ಜೊತೆ ಬಟ್ಟೆ, ಇಷ್ಟು ಸಾಕು.

ಕೊನೇದಾಗಿ, ವಾಪಸ್ ಬಂದು ಒಂದೆರಡು ವಾರ ಮೈಮೇಲೆ ಗಮನ ಇರ್ಲಿ. ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ ಜ್ವರ ಸಾಮಾನ್ಯವಾಗಿ ಮೂರರಿಂದ ಎಂಟು ದಿನದಲ್ಲಿ ಬರುತ್ತೆ, ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ಮುರಿಯೋ ನೋವು. ಹಾಗೇನಾದ್ರೂ ಆದ್ರೆ ಸೈಕಲ್ ಸುಸ್ತು ಅಂತ ಮಲಗ್ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಕೇಳೋ ಮುಂಚೆ ನೀವೇ ಹೇಳಿ, ಇಂಥಾ ದಿನ ಆಗುಂಬೆ ಶೃಂಗೇರಿ ಕೆರೆಕಟ್ಟೆ ಕಾಡಲ್ಲಿ ಓಡಾಡಿದ್ದೆ ಅಂತ.